ದಾನೇಶ್ವರಿ ಹತ್ತಿದ ಡಬ್ಬಾ

ದಾನೇಶ್ವರಿ ರಾಯಚೂರು ಕಡೆಯವಳು. ಮದುವೆಯಾಗಿ ಗಂಡ ಮಾನಪ್ಪನ ಹಿಂದೆ ಮುಂಬೈ ಹತ್ತಿರದ ಮುಂಬ್ರಾಕ್ಕೆ ಬಂದು ಒಂಬತ್ತು ವರ್ಷವಾಯಿತು, ಮಕ್ಕಳಾಗಲಿಲ್ಲ. ಚಾಳಿನ ಒಂದೇ ಖೋಲಿಯಲ್ಲಿ ಇವರ ಜೊತೆ ಮೈದುನ ಯಂಕಪ್ಪನ ಸಂಸಾರವೂ ಇದೆ. ಬಸಿರು ನಿಲ್ಲಬಹುದೆಂದು ಡಾಕ್ಟರು ಮೊಬೈಲಿನಲ್ಲಿ ಗುರುತು ಹಾಕಿಕೊಟ್ಟ ದಿನಗಳಲ್ಲಿ ಯಂಕಪ್ಪ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪಕ್ಕದ ಮನೆಗೆ ಮಲಗಲು ಹೋಗುತ್ತಾನೆ. ಉಪಕಾರವೇ, ಇಲ್ಲವೆನ್ನಲಾಗದು. ಆದರೆ ಇವತ್ತು ಆ ದಿನ ಎಂದು ಇಡೀ ಚಾಳಿನವರಿಗೆ ಗೊತ್ತಾಗುತ್ತದೆ. ಊರ ಬಾಯಿಗೆ ಮುಚ್ಚಳ ಎಲ್ಲಿ? ಬೆಳಿಗ್ಗೆ ನಲ್ಲಿಯ ಹತ್ತಿರ ಹೆಂಗಸರು ಅವಳ ಮುಖ ನೋಡುತ್ತಾರೆ. ಮೊದಮೊದಲು ನಾಚಿಕೆಯಿಂದ ಸಾಯುತ್ತಿದ್ದಳು. ಈಗ ನಾಚಿಕೆಯೂ ಇಲ್ಲ. ಗಂಡ ಮುಟ್ಟಿದರೂ ಅಷ್ಟೆ, ಬೇರೆ ಯಾರದೋ ಮೈ ಮುಟ್ಟಿದ ಹಾಗೆ.

ಡೊಂಬಿವಲಿಯ ಒಂದು ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಮಕ್ಕಳಾಗದ ಹೆಂಗಸರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುತ್ತಾರೆ. ನಡೆಸುವ ದಿಶಾ ಮೇಡಂ ಒಳ್ಳೆಯವರೇ. ಹೋದ ಸಲ ದಾನೇಶ್ವರಿ ತನ್ನ ಮುರುಕು ಹಿಂದಿಯಲ್ಲಿ, ಗಂಡ ಮುಟ್ಟಿದರೂ ಏನೂ ಅನ್ನಿಸದ ಇದನ್ನೇ ಹೇಳಿದಳು. ಯಾರೂ ನಗಲಿಲ್ಲ, ಇಬ್ಬರು ತಮಗೂ ಹಾಗೇ ಎಂಬಂತೆ ತಲೆಯಾಡಿಸಿದರು. ಮೇಡಂ ಎಲ್ಲರಿಗೂ ಒಂದು ಕೆಲಸ ಕೊಟ್ಟರು: ಮಗು, ಡಾಕ್ಟರು, ತಾರೀಕು ಯಾವ ಮಾತೂ ಎತ್ತದೆ ಗಂಡನ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂತು ಬನ್ನಿ, ಏನನ್ನಿಸಿತು ಹೇಳಿ. ಹೇಳುವುದು ಸುಲಭ. ಆ ಖೋಲಿಯಲ್ಲಿ ಗಂಡಹೆಂಡತಿ ಸುಮ್ಮನೆ ಕೂರುವ ಜಾಗ ಯಾವುದು ಎಂದು ಮೇಡಂ ಅವರನ್ನು ಯಾರು ಕೇಳಬೇಕು?

ಮಾನಪ್ಪನೇ ದಾರಿ ಹುಡುಕಿದ. "ಐತವಾರ ಮಧ್ಯಾಹ್ನ ಬದಲಾಪುರ ಲೋಕಲ್ ಗಾಡಿ ಖಾಲಿ ಇರ್ತದ. ಹೋಗಿ ಬರೋಣ. ಜೋಡಿಲೆ ಕುಂತಂಗ ಆಗ್ತದ."

"ಆತ್ರೀ" ಎಂದಳು. ಒಳಗೆ ಒಂದೇ ಹೆದರಿಕೆ: ಪಕ್ಕದಲ್ಲಿ ಕೂತಾಗಲೂ ಏನೂ ಅನ್ನಿಸದಿದ್ದರೆ ಈ ಸಂಸಾರದಲ್ಲಿ ಉಳಿದದ್ದೇನು?

ಗಾಡಿ ಬಂತು. ಹತ್ತಿದಳು, ಕಿಟಕಿಯ ಪಕ್ಕ ಕೂತಳು. ತಿರುಗಿ ನೋಡಿದರೆ ಸುತ್ತ ಬರೀ ಹೆಂಗಸರು. ದಿನಾ ಕೆಲಸಕ್ಕೆ ಹೋಗುವ ಹಾಗೆಯೇ ಅವಳು ಲೇಡೀಸ್ ಡಬ್ಬಾಕ್ಕೆ, ಅವನು ಜನರಲ್ ಡಬ್ಬಾಕ್ಕೆ ಓಡಿದ್ದರು. ರೂಢಿಬಿದ್ದ ಕಾಲನ್ನು ತಡೆಯುವವರು ಯಾರು? ಮುಂದಿನ ಸ್ಟೇಷನ್ ದಿವಾದಲ್ಲಿ ಇಳಿದು ಡಬ್ಬಾ ಬದಲಿಸಬಹುದಿತ್ತು. ಡೊಂಬಿವಲಿಯಲ್ಲೂ ಬದಲಿಸಬಹುದಿತ್ತು. ಅವಳು ಏಳಲಿಲ್ಲ. ಅವನೂ ಬರಲಿಲ್ಲ.

ಬದಲಾಪುರದ ಪ್ಲಾಟ್‌ಫಾರ್ಮಿನಲ್ಲಿ ಮಾನಪ್ಪ ಎರಡು ವಡಾಪಾವ್ ಹಿಡಿದು ನಿಂತಿದ್ದ. ಒಂದನ್ನು ಅವಳಿಗೆ ಕೊಟ್ಟ.

"ನಿಮ್ಮ ಜೋಡಿ ಕುಂದ್ರೋದು ತಪ್ತಲ್ಲ ಅಂತ ನನಗ ಹಗುರ ಆತ್ರೀ" ಎಂದುಬಿಟ್ಟಳು. ಸುಳ್ಳು ಹೇಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಅವನು ಬಾಯಲ್ಲಿದ್ದುದನ್ನು ನುಂಗಿದ. "ನನಗೂ ಹಂಗ ಅನಿಸ್ತು. ನಿನಗ ಹ್ಯಾಂಗ ಹೇಳ್ಲಿ ಅಂತ ಯೋಚನಿ ಮಾಡಕತ್ತಿದ್ದೆ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಬ್ಬರೂ ನಿಂತೇ ತಿಂದು ಮುಗಿಸಿದರು.

ವಾಪಸು ಗಾಡಿಯಲ್ಲಿ ಅವಳು ಅವನ ಹಿಂದೆಯೇ ಜನರಲ್ ಡಬ್ಬಾ ಹತ್ತಿದಳು. ಕೂರಲು ಜಾಗವಿರಲಿಲ್ಲ. ಅಂಬರನಾಥದಲ್ಲಿ ಇನ್ನಷ್ಟು ಜನ ನುಗ್ಗಿದರು. ಮಾನಪ್ಪ ಅವಳನ್ನು ಮೂಲೆಗೆ ಸರಿಸಿ, ಅವಳ ಎರಡೂ ಪಕ್ಕ ಗೋಡೆಗೆ ಕೈಯೂರಿ, ತಳ್ಳಾಟವನ್ನೆಲ್ಲ ಬೆನ್ನಿನಲ್ಲಿ ತಡೆದು ನಿಂತ. ಕಲ್ಯಾಣ ಬಂತು, ಹೋಯಿತು. ಅವನ ತೋಳು ಅವಳ ಭುಜಕ್ಕೆ ತಾಗಿಯೇ ಇತ್ತು.

"ಕೈ ತಗೀಲೇನು?" ಎಂದ.

ಅವಳು ತನ್ನೊಳಗೆ ಹುಡುಕಿ ನೋಡಿದಳು. ಏನೂ ಅನ್ನಿಸುತ್ತಿರಲಿಲ್ಲ.

"ಬ್ಯಾಡ್ರಿ, ಇರಲಿ" ಎಂದಳು.