ಏಕಾದಶಿಯ ಇಡ್ಲಿ ಮತ್ತು ಎಡಗತ್ತಿನ ರಕ್ತನಾಳ

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೇಲ್ವಿಚಾರಕಿಯಾಗಿದ್ದೆ. ಲೈನು ಕೆಟ್ಟ ಹೊತ್ತು, ಸರಿಯಾದ ಹೊತ್ತು ಎರಡನ್ನೂ ಬರೆದಿಡುವುದು ನಮ್ಮ ಪದ್ಧತಿ. ತೊಂಬತ್ತರ ದಶಕದ ಆರಂಭದಲ್ಲಿ ಒಂದು ಬೆಳಿಗ್ಗೆ, ಮುಲುಂಡ್‌ನಿಂದ ಘಾಟ್ಕೋಪರ್‌ಗೆ ಲೋಕಲ್ ರೈಲಿನಲ್ಲಿ ನಿಂತಿದ್ದಾಗ, ಎಡಗಣ್ಣಿನ ಮೇಲೆ ಪರದೆ ಇಳಿದಂತೆ ಕತ್ತಲಾಯಿತು. ನಾಲ್ಕು ನಿಮಿಷಕ್ಕೆ ಸರಿಹೋಯಿತು. ಅದನ್ನೂ ಬರೆದಿಟ್ಟೆ.

ಹದಿನೈದು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಎರಡೂ ಏಕಾದಶಿ, ನಾನು ನೀರೂ ಮುಟ್ಟದ ದಿನ. ಮುಲುಂಡ್‌ನ ನಮ್ಮ ಡಾಕ್ಟರು ಬಿಜಾಪುರದ ಕಡೆಯವರು. ನನ್ನ ಟಿಪ್ಪಣಿ ನೋಡುವ ಮೊದಲೇ ನಕ್ಕರು.

“ಬಾಯಾರ, ಕಣ್ಣಿಗೇನೂ ಆಗಿಲ್ರಿ. ಹೊಟ್ಟಿಗೆ ಹಾಕ್ರಿ, ತಾನಽ ಸರಿ ಆಗ್ತದ.”

ನಮ್ಮ ಮನೆಯವರೂ ಅದನ್ನೇ ಹಿಡಿದರು. ಸರಿ, ಪರೀಕ್ಷೆಯಾಗಲಿ ಎಂದುಕೊಂಡೆ. ಮುಂದಿನ ಏಕಾದಶಿಗೆ ಅತ್ತೆಗೆ ಹೇಳಿಯೇ ಮಾಟುಂಗಕ್ಕೆ ಹೋಗಿ, ಮದುವೆಯಾದಂದಿನಿಂದ ತಪ್ಪದ ಉಪವಾಸವನ್ನು ಉಡುಪಿ ಹೋಟೆಲಿನ ನಾಲ್ಕು ಇಡ್ಲಿಯಿಂದ ಮುರಿದೆ. ಅತ್ತೆ ಎರಡು ದಿನ ಮಾತು ಬಿಟ್ಟರು. ಆರನೆಯ ದಿನ ಹೊಟ್ಟೆ ತುಂಬ ಉಂಡು ಎದ್ದ ಅರ್ಧ ಗಂಟೆಗೆ ಎಡಗಣ್ಣು ಮತ್ತೆ ಕತ್ತಲಾಯಿತು.

ಈ ಸಲ ಡಾಕ್ಟರು ನಗಲಿಲ್ಲ. ಕತ್ತಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿ, ಹೊಸ ಯಂತ್ರ ಬಂದಿದ್ದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು.

ಅಲ್ಲಿ ಕತ್ತಿಗೆ ತಣ್ಣನೆಯ ಜೆಲ್ಲಿ ಸವರಿ, ಶಬ್ದತರಂಗದಿಂದ ರಕ್ತನಾಳದ ಚಿತ್ರ ತೆಗೆದರು. ಎಡಗಡೆಯ ನಾಳದ ಒಳಗೋಡೆಗೆ ಕೊಬ್ಬು ಗಂಟಾಗಿ ಮೆತ್ತಿಕೊಂಡಿತ್ತು. ಅದರ ಮೇಲ್ಮೈ ಒರಟಾಗಿದೆ, ಚೂರು ಕಳಚಿ ಕಣ್ಣಿಗೆ ಹೋಗುತ್ತಿದೆ, ಮುಂದಿನ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು ಎಂದರು ತಜ್ಞರು. ಯಾವಾಗ ಎಂದು ಕೇಳಿದೆ. ಚಿತ್ರ ಅಪಾಯವನ್ನು ಹೇಳುತ್ತದೆ, ದಿನವನ್ನಲ್ಲ ಎಂದರು. ಶಸ್ತ್ರಚಿಕಿತ್ಸೆ ಮಾಡಿ ಗಂಟು ತೆಗೆಯುವುದೇ ದಾರಿ.

“ವ್ರತ ಮುರದದ್ದಕ್ಕ ಬಂದದ್ದಿದು,” ಎಂದರು ಅತ್ತೆ. “ಚಂದಾಗಿ ಓಡ್ಯಾಡೋ ಹೆಣ್ಮಗಳು ಕುತ್ತಗಿ ಯಾಕ ಕೊಯ್ಸಗೋಬೇಕು?”

“ಇಡ್ಲಿ ತಿಂದಮ್ಯಾಲೆ ಬೆಳದದ್ದಲ್ಲರಿ ಅದು. ಮೊದಲಽ ಇತ್ತು. ಈಗ ಕಂಡದ, ಅಷ್ಟಽ,” ಎಂದೆ.

ಆರು ತಿಂಗಳು ನೋಡೋಣ ಎಂದರು ಮನೆಯವರು. ಲೈನು ಕೆಟ್ಟಿದ್ದು ಗೊತ್ತಿದ್ದೂ ಸುಮ್ಮನಿದ್ದ ಆಪರೇಟರನ್ನು ನಾನು ಒಂದು ದಿನವೂ ಸಹಿಸಿದವಳಲ್ಲ. ಮರುದಿನವೇ ದಾಖಲಾಗಲು ಹೋದೆ.

ಅಲ್ಲಿನ ಗುಮಾಸ್ತ ಗಂಡನ ಸಹಿ ಕೇಳಿದ. ರೋಗಿಯ ಸಹಿ ಸಾಕೆಂದು ಫಾರಮ್ಮಿನ ಹಿಂಬದಿಯಲ್ಲೇ ಅಚ್ಚಾಗಿತ್ತು. ಬೆರಳಿಟ್ಟು ತೋರಿಸಿ, ನನ್ನ ಹೆಸರನ್ನು ಪೂರ್ತಿ ಬರೆದೆ. ಪಕ್ಕದಲ್ಲಿ ಮನೆಯವರು ಪೆನ್ನು ಹಿಡಿದು ನಿಂತೇ ಇದ್ದರು.

ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ವಾರ ಡ್ಯೂಟಿಗೆ ಹೊರಟಾಗ, ಗಾಯದ ಗೆರೆ ಕಾಣದಂತೆ ಸೆರಗು ಹೊದ್ದುಕೋ ಎಂದರು ಅತ್ತೆ. ಸೆಖೆಯಿತ್ತು. ಹೊದೆಯಲಿಲ್ಲ.