ಎಲ್ಲಾ ಕೆಂಪು ವೈರು

ನಮ್ಮ ಭಾವ ಕಾರುಗಳ ಎಲೆಕ್ಟ್ರಿಷಿಯನ್. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಮೂವತ್ತೆರಡು ವರ್ಷ ಕಳೆದವರು. ಕತ್ತಿನ ಮೂಳೆ ಸವೆದಿದೆ, ಇನ್ನು ಬಗ್ಗಿ ಕೆಲಸ ಮಾಡಬೇಡಿ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ತಿಂಗಳ ಕೊನೆಗೆ ಶೆಡ್ಡು ಮುಚ್ಚುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದರು. ಆ ಮಾತು ಕೊಟ್ಟದ್ದು ನಾಲ್ಕನೇ ಸಲ.

ಮದುವೆಯಾದ ಹೊಸದರಲ್ಲಿ ಅವರು ಮುಚ್ಚಿಹೋದ ಕಾರ್ಖಾನೆಯೊಂದರಿಂದ ಆಳೆತ್ತರದ ಎರಡು ಉರುಳೆ ವೈರು ತಂದಿದ್ದರು. ಒಳ್ಳೆಯ ತಾಮ್ರ, ಆದರೆ ಅಷ್ಟೂ ಕೆಂಪು. ಕಾರಿನಲ್ಲಿ ದೀಪಕ್ಕೊಂದು, ಹಾರನ್ನಿಗೊಂದು, ಇಂಜಿನ್ನಿಗೊಂದು ಬಣ್ಣದ ವೈರು ಇರುತ್ತದಂತೆ. ಭಾವ ಹಳತನ್ನು ಕಿತ್ತಲ್ಲೆಲ್ಲ ಕೆಂಪನ್ನೇ ಎಳೆದರು.

"ಕರೆಂಟಿಗೆ ಕಣ್ಣಿದೆಯೇನಮ್ಮ, ಬಣ್ಣ ನೋಡ್ಕೊಂಡು ಹೋಗೋಕೆ?" ಎನ್ನುತ್ತಿದ್ದರು.

ಯಾವುದು ಎಲ್ಲಿಗೆ ಎನ್ನುವುದು ಅವರ ತಲೆಯಲ್ಲಿ ಮಾತ್ರ ಇತ್ತು. ಬೇರೆ ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ ನೋಡಿ, ಸದ್ದಿಲ್ಲದೆ ಮುಚ್ಚಿ, ಇವರ ಹತ್ತಿರವೇ ಕಳಿಸುತ್ತಿದ್ದರು. ಆಗ ಭಾವನಿಗೆ ಅದೇ ಹೆಮ್ಮೆ.

ಆ ತಿಂಗಳ ಇಪ್ಪತ್ತಕ್ಕೆ ನರ್ಸಮ್ಮ ಬಂದರು. ಮನೆಗಳಿಗೇ ಹೋಗಿ ಹೆರಿಗೆ ಮಾಡಿಸುವವರು; ಅವರ ಹಳೇ ಕಾರಿನ ವೈರಿಂಗ್ ಪೂರ್ತಿ ಭಾವನದೇ.

"ಹೊರಡೋವಾಗ ಚೆನ್ನಾಗೇ ಇರುತ್ತೆ. ಕಾಲು ಗಂಟೆ ಆದ್ಮೇಲೆ ಇಂಜಿನ್ ನಿಂತೋಗುತ್ತೆ. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸ್ಟಾರ್ಟು. ಮೊನ್ನೆ ಬ್ಯಾಗ್ ಹೊತ್ಕೊಂಡು ಓಡಿದೀನಿ. ನಾನು ಮುಟ್ಟೋಷ್ಟರಲ್ಲಿ ಮಗು ಬಂದು, ನನ್ನ ದಾರಿ ಕಾಯ್ತಾ ಮಲಗಿತ್ತು."

"ಎದುರುಗಡೆ ಹೊಸ ಎಲೆಕ್ಟ್ರಿಷಿಯನ್ ಇದಾನಲ್ಲಮ್ಮ, ಅವನಿಗೆ ತೋರಿಸಿ," ಎಂದರು ಭಾವ.

"ತೋರಿಸಿದೆ. ಇದು ವೈರಿಂಗಲ್ಲ, ಗುಬ್ಬಿಗೂಡು, ಕಟ್ಟಿದೋರನ್ನೇ ಕೇಳಿ ಅಂದ."

ಅಕ್ಕ ಒಳಗೆ ಹೋಗಿ ಕತ್ತಿಗೆ ಹಚ್ಚುವ ಮುಲಾಮು ತಂದಿಟ್ಟಳು.

ಭಾವ ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಬದಲಾಯಿಸಿದರು. ಪೆಟ್ರೋಲ್ ಪೈಪು ಊದಿ ನೋಡಿದರು. ಕಾರು ಮತ್ತೆ ಅದೇ ಕಾಲು ಗಂಟೆಗೆ ನಿಂತಿತು. ಮೂರನೇ ದಿನ ಕಾಯಿಲ್ಲಿಗೆ ಒಂದು ಪುಟ್ಟ ಬಲ್ಬಿನ ವೈರು ಸಿಕ್ಕಿಸಿ, ಕಿಟಕಿಯಿಂದ ಒಳಗೆ ತಂದು, ಬಲ್ಬನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ನರ್ಸಮ್ಮ ಓಡಿಸಿದರು. ಹಿಂದೆ ನಾನೂ ಅಕ್ಕನೂ. ಮನಸ್ಸಿನಲ್ಲೇ ದೇವರನ್ನು ನೆನೆಯುತ್ತಿದ್ದೆ. ಬಲ್ಬು ಆರಿತು, ಅದರ ಹಿಂದೆಯೇ ಇಂಜಿನ್ನೂ.

"ಕಾಯಿಲ್ ತಪ್ಪಲ್ಲ," ಎಂದರು ಭಾವ. "ಅದಕ್ಕೆ ಕರೆಂಟೇ ಬರ್ತಿಲ್ಲ. ನಡುವೆ ಎಲ್ಲೋ ನನ್ನದೇ ಜಾಯಿಂಟ್ ಬಿಸಿಯಾಗಿ ಕೈ ಕೊಡ್ತಿದೆ."

ಸ್ವಲ್ಪ ಹೊತ್ತು ಕಾದು, ಮತ್ತೆ ಸ್ಟಾರ್ಟ್ ಮಾಡಿ ಶೆಡ್ಡಿಗೆ ಮರಳಿದ ಮೇಲೆ ಭಾವ ಅಂಗಾತ ಮಲಗಿ, ಸೀಟಿನ ಮೇಲೆ ಕಾಲು ಹಾಕಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರು. ಅಕ್ಕ ಟಾರ್ಚು ಹಿಡಿದಳು. ಒಂದು ವೈರು ಅಲುಗಿಸಿದರೆ ಹಾರನ್ ಕೂಗಿತು. ಇನ್ನೊಂದಕ್ಕೆ ವೈಪರ್ ಆಡಿತು.

"ಇಂಜಿನ್ ಒಂದು ಬಿಟ್ಟು ಎಲ್ಲಾ ಗಟ್ಟಿಮುಟ್ಟಾಗಿದೆ," ಎಂದರು ನರ್ಸಮ್ಮ.

ಭಾವ ಇನ್ನೂ ಎರಡು ವೈರು ಎಳೆದು ನೋಡಿದರು. ಆಮೇಲೆ ಅಕ್ಕನಿಗೆ ಮಾತ್ರ ಎಂಬಂತೆ, "ಯಾವುದು ಅಂತ ಗೊತ್ತಾಗ್ತಿಲ್ಲ ಕಣೇ," ಎಂದರು.

"ಸಾಕು, ಹೊರಗೆ ಬನ್ನಿ."

"ಬರೋಕೂ ಆಗ್ತಿಲ್ಲ. ಕತ್ತು ಹಿಡ್ಕೊಂಡಿದೆ."

ನಾವು ಮೂವರೂ ಎಳೆಯಹೋದರೆ ನರಳಿದರು. ನಾನೇ ಹೋಗಿ ಎದುರಿನವನನ್ನು ಕರೆತಂದೆ. ಅವನು ಸೀಟಿನ ಬೋಲ್ಟು ಬಿಚ್ಚಿ ಸೀಟನ್ನೇ ಹೊರತೆಗೆದು, ಭಾವನನ್ನು ಮೆಲ್ಲಗೆ ಜಾರಿಸಿಕೊಂಡ. ಆಮೇಲೆ ತಾನೇ ಒಳಗೆ ತೂರಿ, ಬಲ್ಬು ಹಿಡಿದು ಒಂದೊಂದೇ ವೈರು ನೋಡುತ್ತ, ಗೊತ್ತಾದದ್ದಕ್ಕೆಲ್ಲ ಹೆಸರು ಬರೆದ ಚೀಟಿ ಕಟ್ಟುತ್ತ ಹೋದ. ಏಳನೆಯದರಲ್ಲಿ ಕಪ್ಪಾದ ಜಾಯಿಂಟ್ ಸಿಕ್ಕಿತು.

"ಬೆಸುಗೆ ಹಾಕದೆ ಬರೀ ಹೊಸೆದು ಟೇಪ್ ಸುತ್ತಿದಾರಲ್ಲ ಯಜಮಾನ್ರೇ. ಯಾರ ಕೆಲಸ ಇದು?"

"ನಾನೇ ಕಣಪ್ಪ," ಎಂದರು ಭಾವ, ಗೋಡೆಗೆ ಒರಗಿಕೊಂಡು.

ಅವನು ಬೆಸುಗೆ ಹಾಕಿದ. ನರ್ಸಮ್ಮ ಅರ್ಧ ಗಂಟೆ ಓಡಿಸಿ ನಿಲ್ಲದೆ ವಾಪಸು ಬಂದರು. ಅಕ್ಕ ತಡಮಾಡದೆ ಅವನನ್ನು ಕೇಳಿದಳು: "ನಮ್ಮ ಗಿರಾಕಿಗಳನ್ನೆಲ್ಲ ನೀನೇ ನೋಡ್ಕೋತೀಯೇನಪ್ಪ?"

"ಇಂಥವು ಎಷ್ಟಿವೆ ಅಕ್ಕಾ?"

ಅಕ್ಕ ಭಾವನನ್ನು ನೋಡಿದಳು. "ನಲವತ್ತರ ಹತ್ತಿರ," ಎಂದರು ಅವರು.

"ಎಲ್ಲದಕ್ಕೂ ಹೀಗೆ ಚೀಟಿ ಕಟ್ಟಿಸಿಕೊಡಿ, ನೋಡ್ಕೋತೀನಿ. ಹಾಗೇ ಬಂದ್ರೆ ನಾನು ಕೈ ಹಾಕಲ್ಲ."

ತಿಂಗಳ ಕೊನೆಗೆ ಶೆಡ್ಡು ಮುಚ್ಚಲಿಲ್ಲ. ಈಗ ಭಾವ ಕತ್ತಿಗೆ ಪಟ್ಟಿ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಾರೆ; ಡ್ಯಾಶ್‌ಬೋರ್ಡಿನ ಕೆಳಗೆ ಅಕ್ಕ ಮಲಗುತ್ತಾಳೆ. ಐದು ಕಾರು ಮುಗಿದಿವೆ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಆ ಕಡೆ ಹೋದರೆ ನನಗೆ ಕಾಣುವುದು ಅವಳ ಪಾದಗಳು ಮಾತ್ರ.

"ಒಂದು ಸಿಕ್ಕಿತು. ಇದು ಎಲ್ಲಿಗೆ ಹೋಗುತ್ತೆ?" ಎಂದು ಕೆಳಗಿನಿಂದ ಕೇಳುತ್ತಾಳೆ.

"ತಾಳು, ನೆನಪು ಮಾಡ್ಕೋತೀನಿ."

ಅಕ್ಕ ಆ ವೈರು ಹಿಡಿದುಕೊಂಡು ಅಲ್ಲೇ ಮಲಗಿರುತ್ತಾಳೆ.