ಜಾರುವ ರೇಷ್ಮೆ ಕೌದಿ

ನನ್ನ ಮೊದಲ ಮಗಳು ಎಂಟು ತಿಂಗಳಿಗೇ ಹುಟ್ಟಿದಳು. ಹೊಳೆನರಸೀಪುರದ ನನ್ನ ತೌರಿನಲ್ಲಿ, ಪುಷ್ಯಮಾಸದ ಚಳಿಯಲ್ಲಿ. ಸೂಲಗಿತ್ತಿ ಕೂಸನ್ನು ಅಂಗೈ ಮೇಲೆ ಹಿಡಿದು ನೋಡಿ, "ಬೆಚ್ಚಗಿದ್ರೆ ಉಳೀತದೆ ಕಣವ್ವ. ತಣ್ಣಗಾಗಾಕೆ ಬುಡಬ್ಯಾಡಿ" ಎಂದಳು.

ಅದು ಎರಡನೆಯ ಮಹಾಯುದ್ಧದ ಕಾಲ. ಅಂಗಡಿಯಲ್ಲಿ ಬಟ್ಟೆ ಸಿಗುತ್ತಿರಲಿಲ್ಲ. ಅವ್ವ ತನ್ನ ಹಳೆಯ ರೇಷ್ಮೆ ಸೀರೆಗಳನ್ನೇ ಹರಿದು, ಒಳಗೆ ಬೂರುಗದ ಹತ್ತಿ ತುಂಬಿ ಕೌದಿ ಹೊಲಿದಿದ್ದಳು. ಹಾಸಿಗೆಗೂ ಅದೇ ರೇಷ್ಮೆಯ ಗವುಸು. ಮುಟ್ಟಿದರೆ ಹೂವಿನ ಹಾಗೆ. ಆದರೆ ಕೌದಿ ಮಂಚದ ಮೇಲೆ ನಿಲ್ಲಲೊಲ್ಲದು. ನಾನು ಮಗ್ಗುಲಾದರೆ ಸಾಕು, ಸರ್ರನೆ ಜಾರಿ ನೆಲಕ್ಕೆ. ಕೂಸಿನ ಪಾದ ಮುಟ್ಟಿದರೆ ಬಾವಿ ನೀರಿನಷ್ಟು ತಣ್ಣಗೆ. ಕಂಬಳಿ ಹೊದಿಸಿದರೆ ಆ ತೆಳು ಚರ್ಮವೆಲ್ಲ ಗೀರಿ ಕೆಂಪಾಗುತ್ತಿತ್ತು.

ಅವ್ವ ಕೌದಿಯ ಮೂಲೆಗಳಿಗೆ ಲಾಡಿ ಹೊಲಿದು ಮಂಚದ ಕಾಲಿಗೆ ಕಟ್ಟಿದಳು. ಜಾರುವುದೇನೋ ನಿಂತಿತು. ಆದರೆ ಕೌದಿ ಡೇರೆಯ ಹಾಗೆ ಬಿಗಿದು, ಅಡಿಯ ಸಂದಿನಲ್ಲಿ ಗಾಳಿ ನುಗ್ಗಿತು. ಗಾಳಿ ನುಗ್ಗದಂತೆ ಅಂಚಿನ ಮೇಲೆ ಹಿತ್ತಾಳೆಯ ಸೇರು ಇಟ್ಟಳು. ಅದು ಢಣ್ಣನೆ ಉರುಳಿ ಕೂಸು ಬೆಚ್ಚಿಬಿದ್ದಿತು. ಅವ್ವ ಹಜಾರಕ್ಕೆ ಹೋಗಿ ಸೆರಗಿನಲ್ಲಿ ಕಣ್ಣೊರಸಿಕೊಂಡಳು.

ಐದನೆಯ ದಿನ ಅರಕಲಗೂಡಿನಿಂದ ನಮ್ಮ ಅತ್ತೆ ಬಂದರು. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು, ಮುಖದ ತುಂಬ ಮಸಿ. ಮಾತಿನಲ್ಲಿ ಖಾರದವರು, ನನಗೆ ಅವರೆಂದರೆ ಅಂಜಿಕೆ. ಕೈಕಾಲು ತೊಳೆದು ನೇರವಾಗಿ ಬಾಣಂತಿ ಕೋಣೆಗೇ ಬಂದರು. ಲಾಡಿಗಳನ್ನು ನೋಡಿ ನಿಂತರು.

"ಇದೇನ್ ಬೀಗಿತ್ತಿ, ಕೂಸು ಮಲಗ್ಸಿದೀರೋ, ಮೆಣಸಿನಕಾಯಿ ಮೂಟೆ ಬಿಗ್ದಿದೀರೋ?"

"ನಗಬ್ಯಾಡಿ ಬೀಗಿತ್ತಿ. ಏನ್ ಮಾಡುದ್ರೂ ಜಾರ್ತದೆ. ದಿಕ್ಕೇ ತೋಚ್ತಿಲ್ಲ" ಎಂದಳು ಅವ್ವ.

ಅತ್ತೆ ಕೌದಿಯೊಳಗೆ ಕೈ ಹಾಕಿ ಕೂಸಿನ ಪಾದ ಮುಟ್ಟಿದರು. ತಮ್ಮ ಗಂಟು ಬಿಚ್ಚಿ, ದಿನವೂ ಲಿಂಗಪೂಜೆಗೆ ಹಾಸಿಕೊಂಡು ಕೂರುತ್ತಿದ್ದ ಕರಿಕಂಬಳಿ ತೆಗೆದರು. ಅದನ್ನು ಬೇರೆಯವರು ತುಳಿಯುವಂತಿರಲಿಲ್ಲ.

"ಕತ್ರಿ ಕೊಡಿ."

"ಅಯ್ಯೋ, ಪೂಜೆ ಕಂಬ್ಳಿ!"

"ಬರೀ ನೆಲದ್ ಮ್ಯಾಲೆ ಕೂತು ಕರುದ್ರೆ ಶಿವ ಬರಾಕಿಲ್ವಾ? ಕೊಡಿ ಅಂದ್ರೆ."

ಲಾಡಿ ಬಿಚ್ಚಿಹಾಕಿ, ಕಂಬಳಿಯನ್ನು ಗೇಣಗಲದ ಪಟ್ಟಿಗಳಾಗಿ ಕತ್ತರಿಸಿದರು. ತಲೆಯ ಕಡೆಯೊಂದನ್ನು ಬಿಟ್ಟು ಕೌದಿಯ ಉಳಿದ ಮೂರು ಅಂಚಿಗೂ ಅವನ್ನು ಹೊಲಿಯಬೇಕೆಂದರು. ಬೀಗಿತ್ತಿಯರಿಬ್ಬರೂ ನನ್ನ ಮಂಚದ ಬದಿಗೇ ಚಾಪೆ ಹಾಕಿ ಕೂತರು.

"ನಿಮ್ಮ ಹೊಲಿಗೆ ಕಪ್ಪೆ ಕುಪ್ಪಳಿಸ್ದಂಗದಲ್ಲ ಬೀಗಿತ್ತಿ" ಎಂದರು ಅತ್ತೆ.

"ನಿಮ್ದೇನ್ ಕಮ್ಮಿನಾ? ಮೊದ್ಲು ಸೂಜೀಗೆ ದಾರ ಪೋಣಿಸ್ಕಳಿ."

ನನ್ನ ಮದುವೆಯಾದ ಮೇಲೆ ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ದೇವರ ದಯೆ ಎಂದು ನಾನು ಎಣಿಸಿಟ್ಟುಕೊಂಡಿರುವುದು ಇಂಥವನ್ನೇ.

ನಡುವೆ ರೇಷ್ಮೆ ಕೂಸಿನ ಮೈಗೆ ಮೆತ್ತಗಿತ್ತು. ಸುತ್ತಲ ಉಣ್ಣೆ ಭಾರಕ್ಕೆ ಇಳಿಬಿದ್ದು, ಮಂಚದ ಅಂಚನ್ನು ಕಚ್ಚಿಕೊಂಡಿತು. ನಾನು ಬೇಕೆಂದೇ ಗೋಡೆಯ ಕಡೆ ಹೊರಳಿದೆ, ಮತ್ತೆ ಈಚೆಗೆ ಹೊರಳಿದೆ. ಕೌದಿ ಅಲುಗಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಹಜಾರದ ಗಾರೆ ನೆಲದ ಮೇಲೆ ಬರಿದೇ ಕೂತು ಪೂಜೆ ಮಾಡಿದರು. ಮುಗಿಸಿ ಏಳುವಾಗ ಮಂಡಿ ಹಿಡಿದುಕೊಂಡಿರಬೇಕು, ಗೋಡೆಗೆ ಕೈಕೊಟ್ಟು ಅರ್ಧಕ್ಕೇ ನಿಂತರು. ಅಲ್ಲಿಂದಲೇ ಕೂಗಿದರು:

"ಕೂಸಿನ್ ಕಾಲು ಮುಟ್ಟಿ ನೋಡ್ದೇನವ್ವ?"

"ಬೆಚ್ಚಗವೆ ಅತ್ತೆಮ್ಮ."

"ಎರಡೂನಾ?"

"ಎರಡೂವೆ."

ಅಷ್ಟು ಕಷ್ಟಪಟ್ಟು ಎದ್ದವರು ಮತ್ತೆ ಅದೇ ತಣ್ಣನೆಯ ನೆಲದ ಮೇಲೆ ಕೂತು, ಕಣ್ಣು ಮುಚ್ಚಿ ಶಿವನಿಗೆ ಕೈಮುಗಿದರು.